ಟೇಪಕ್ಕ ಎಳೆದ ಗೆರೆ

ಅವಳನ್ನು ಎಲ್ಲರೂ ಕರೆಯುವುದು ಟೇಪಕ್ಕ ಅಂತಲೇ. ಕುತ್ತಿಗೆಯಲ್ಲಿ ಅಳತೆ ಟೇಪು ಇಲ್ಲದ ಅವಳನ್ನು ಕಂಡವರೇ ಇಲ್ಲ. ಗುಡ್ಡದ ಬುಡದ ಬೀದಿಯಲ್ಲಿ, ಔಷಧಿ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಅವಳ ಹೊಲಿಗೆ ಅಂಗಡಿ. ಎರಡು ಮಿಷನ್ನು, ಉದ್ದನೆಯ ಕತ್ತರಿಸುವ ಮೇಜು, ಆಳೆತ್ತರದ ಕನ್ನಡಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಬಾಯಿ ಮಾತ್ರ ಬಲು ಜೋರು. "ಹೊಟ್ಟೆ ಒಳಗೆಳ್ಕೊಂಡು ಯಾರಿಗೆ ಮೋಸ ಮಾಡ್ತಿದೀರಿ? ನಾಳೆ ಕೋಟು ಹಾಕ್ಕೊಂಡು ಉಸಿರಾಡೋದು ಬೇಡ್ವಾ?" ಎಂದು ಗಿರಾಕಿಯ ಮುಖಕ್ಕೇ ಹೇಳಿಬಿಡುವವಳು. ಬೈಸಿಕೊಂಡವರು ಮತ್ತೆ ಅವಳ ಹತ್ತಿರವೇ ಬರುತ್ತಾರೆ, ಏನು ಮಾಡ್ತೀರಿ!

ಅವಳಿಗೊಬ್ಬ ತಮ್ಮ. ಅವನ ಹೆಸರು ರೇಷನ್ ಕಾರ್ಡಿನಲ್ಲಿರಬಹುದು, ಬಾಯಲ್ಲಿ ಅವನು 'ಅವಸರ'. ಡಾಕ್ಟರು ಹೇಳಿದ ದಿನಕ್ಕಿಂತ ಮುಂಚೆಯೇ ಹುಟ್ಟಿದವನು, ಆಮೇಲೆಯೂ ಎಲ್ಲೂ ಕಾದವನಲ್ಲ. ಅಮ್ಮ ಬೇಗ ಹೋದ ಮೇಲೆ ಅಕ್ಕನೇ ಸಾಕಿದಳು, ಅಕ್ಕನೇ ಬಟ್ಟೆ ಹೊಲಿದಳು. ಅಳತೆಗೆ ನಿಲ್ಲಿಸಿದರೆ ಕುಣಿಯುತ್ತಿದ್ದ ಹುಡುಗ, ಒಮ್ಮೆ ಹಾಗೆ ಕುಣಿದು ಗುಂಡುಪಿನ್ನು ಪಕ್ಕೆಗೆ ಚುಚ್ಚಿಸಿಕೊಂಡು ಬೀದಿಯೆಲ್ಲ ಕೇಳುವ ಹಾಗೆ ಅತ್ತ. ಅಂದಿನಿಂದ "ಅಲುಗಾಡಬೇಡ, ಪಿನ್ ಇದೆ" ಅಂದರೆ ಸಾಕು, ಎರಡೂ ಕೈ ಪಕ್ಕಕ್ಕೆ ಎತ್ತಿ, ಉಸಿರು ಹಿಡಿದು ನಿಂತುಬಿಡುತ್ತಿದ್ದ. ಅವನ ಮದುವೆಯ ಕೋಟಿಗೆ ಅಳತೆ ನೋಡುವಾಗ ಹೆಂಡತಿಯಾಗುವವಳು ಇದನ್ನು ಕಂಡು, "ಅಕ್ಕಾ, ಈ ಮಂತ್ರ ನಂಗೂ ಹೇಳ್ಕೊಡಿ" ಎಂದು ಬಿದ್ದು ಬಿದ್ದು ನಕ್ಕಿದ್ದಳು.

ಈ ಅವಸರ ದೊಡ್ಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಾನೆ, ರಜೆ ಸಿಕ್ಕಿದರೆ ಗುಡ್ಡ ಹತ್ತಿ ಓಡುತ್ತಾನೆ. ಓಟಕ್ಕೆಂದು ಜಿಪಿಎಸ್ ವಾಚು ಕೊಂಡಾಗ ಅಕ್ಕನಿಗೂ ಒಂದು ತಂದ. "ಮಂಡಿ ನೋವು ಅಂತೀಯಲ್ಲ, ಇದನ್ನ ಕಟ್ಕೊಂಡು ದಿನಾ ನಡಿ" ಅಂದ. ನಡೆದಳೋ ಬಿಟ್ಟಳೋ, ಆ ವಾಚಿನ ಹುಚ್ಚು ಮಾತ್ರ ಸರಿಯಾಗಿ ಹಿಡಿಯಿತು. ನಿಂತ ಜಾಗದಲ್ಲಿ ಗುಂಡಿ ಒತ್ತಿದರೆ ವಾಚು ಅಲ್ಲೊಂದು ಗುರುತು ಇಟ್ಟುಕೊಳ್ಳುತ್ತದೆ, ಅದಕ್ಕೆ ವೇಪಾಯಿಂಟ್ ಅನ್ನುತ್ತಾರೆ. ಗುರುತುಗಳನ್ನು ಪೋಣಿಸಿ ದಾರಿ ಮಾಡಿದರೆ ಅದು ಕೋರ್ಸು. ಗುರುತು ಹಾಕು, ಗೆರೆ ಎಳೆ, ಅಷ್ಟೇ ತಾನೆ? ಇದು ನಮ್ಮ ಕಸುಬೇ ಅಂದುಕೊಂಡಳು ಟೇಪಕ್ಕ. ಒಳ್ಳೆ ಗುಂಡಿ ಸಿಗುವ ಅಂಗಡಿಗೆ ಒಂದು ಗುರುತು, ಕಚ್ಚುವ ನಾಯಿಯ ಗೇಟಿಗೆ ಒಂದು ಗುರುತು. ತಮ್ಮನಿಗೆ ಇದಕ್ಕೆಲ್ಲ ತಾಳ್ಮೆ ಎಲ್ಲಿಂದ ಬರಬೇಕು? ಅಕ್ಕ ಫೋನಿನ ನಕ್ಷೆಯಲ್ಲಿ ಕೋರ್ಸು ಮಾಡಿ ಇಬ್ಬರ ವಾಚಿಗೂ ಕಳಿಸುವುದು, ಅವನು ಬಾಣ ತೋರಿಸಿದ ಕಡೆ ಓಡುವುದು. ಹೀಗೆ ನಡೆದಿತ್ತು.

ಆ ದಿನ ಬೆಳಿಗ್ಗೆ ಗುಡ್ಡವೇ ಕಾಣದಷ್ಟು ಮಂಜು. ಅವನು ಅಂಗಡಿಗೆ ನುಗ್ಗಿ ಕೀಲಿಯನ್ನೂ ಫೋನನ್ನೂ ಮೇಜಿನ ಮೇಲೆ ಎಸೆದ.

"ಇವತ್ತು ಬೇಡ ಕಣೋ. ಎದುರಿಗೆ ಆನೆ ಬಂದರೂ ಕಾಣಲ್ಲ."

"ವಾಚಲ್ಲಿ ಗೆರೆ ಇದೆಯಲ್ಲಕ್ಕ. ಗುಡ್ಡದ ಹಿಂಬದಿಯ ಹೊಸ ದಾರಿ ಹಾಕ್ಕೊಟ್ಟಿದೀಯ, ಇವತ್ತು ಬಿಟ್ರೆ ಯಾವತ್ತು ನೋಡೋದು?"

"ಫೋನಾದರೂ ತಗೊಂಡು ಹೋಗು."

"ಭಾರ" ಅಂದವನೇ ಓಡಿದ.

ಆಮೇಲೆ ಬಂದವರು ಸಂಗೀತದ ಮೇಷ್ಟ್ರು, ಕೋಟಿನ ಅಳತೆ ನೋಡಲು. ತುಂಬಾ ನಿಧಾನದ ಮನುಷ್ಯ. ಒಂದು ತೋಳು ಕೂಡಿಸಿ ಪಿನ್ನು ಹಾಕಿದ್ದಾಯಿತು, ಇನ್ನೊಂದು ತೋಳಿಗೆ ಕಂಕುಳ ಸುತ್ತು ಗುರುತು ಮಾಡುತ್ತಿದ್ದಳು. ಸೀಮೆಸುಣ್ಣದಲ್ಲಿ ಮೇಲೊಂದು ಚುಕ್ಕೆ, ಕೆಳಗೊಂದು ಚುಕ್ಕೆ, ಇನ್ನು ಅವೆರಡನ್ನು ಬಾಗಿಸಿ ಕೂಡಿಸಬೇಕು. ನೇರ ಎಳೆದರೆ ಕಂಕುಳು ಕೆಟ್ಟಿತು. ಕೈ ಅಲ್ಲೇ ನಿಂತಿತು.

ನಕ್ಷೆಯಲ್ಲಿ ದಾರಿ ಮಾಡುವಾಗ ಒಂದು ಗುಂಡಿ ಇದೆ. ಅದು ಚಾಲೂ ಇದ್ದರೆ ಎರಡು ಗುರುತುಗಳ ನಡುವಿನ ಗೆರೆ ಕಾಲುದಾರಿಯನ್ನೇ ಹಿಡಿದು ಬಾಗುತ್ತದೆ. ಆರಿಸಿದರೆ ನೇರ, ಹಗ್ಗ ಎಳೆದ ಹಾಗೆ. ನಿನ್ನೆ ಒಂದು ಹುಲ್ಲುಗಾವಲು ದಾಟಿಸಲು ಅದನ್ನು ಆರಿಸಿದ್ದಳು. ಮತ್ತೆ ಚಾಲೂ ಮಾಡಿದ್ದೆನಾ?

ಫೋನು ತೆಗೆದು ಬೆರಳಿಂದ ನಕ್ಷೆ ಹಿಗ್ಗಿಸಿದಳು. ಹುಲ್ಲುಗಾವಲಿನ ಆಚೆ ಕಾಲುದಾರಿ ದೊಡ್ಡದೊಂದು ಸುತ್ತು ಹಾಕಿಕೊಂಡು ಹೋಗಿತ್ತು. ಅವಳ ಗೆರೆ ಸುತ್ತು ಹಾಕಿರಲಿಲ್ಲ. ಕೆಲಸ ನಿಂತ ಹಳೆಯ ಕಲ್ಲುಕ್ವಾರಿಯ ಈ ಅಂಚಿಂದ ಆ ಅಂಚಿಗೆ ನೆಟ್ಟಗೆ ಹಾರಿತ್ತು.

"ಅಯ್ಯಯ್ಯೋ! ಕೊಂದುಬಿಟ್ಟೆನಲ್ಲ!"

ಮೇಷ್ಟ್ರು ಬೆಚ್ಚಿಬಿದ್ದರು. ತಮ್ಮನಿಗೆ ಫೋನ್ ಮಾಡಿದಳು. ಮೇಜಿನ ಮೇಲೆ, ಅವಳ ಮೊಣಕೈ ಹತ್ತಿರವೇ, ಅವನ ಫೋನು ಬಡಿದುಕೊಂಡಿತು.

ಹಿಂದಿನಿಂದ ಓಡಿದರೆ ಅವನನ್ನು ಹಿಡಿಯುವುದು ಆಗದ ಮಾತು. ಆದರೆ ಕ್ವಾರಿಯ ಆ ಕಡೆಗೆ ಲಾರಿ ರಸ್ತೆಯಿತ್ತು.

"ಮೇಷ್ಟ್ರೇ, ಕಾರು ತಂದಿದೀರಾ?"

"ತಂದಿದೀನಿ, ಆದರೆ ಈ ಕೋಟು..."

"ಕೋಟು ಹಾಳಾಗ್ಲಿ, ನಡೀರಿ!"

ಒಂದೇ ತೋಳಿನ ಕೋಟಿನಲ್ಲಿ ಮೇಷ್ಟ್ರು ಕಾರು ಓಡಿಸಿದರು. ದೀಪ ಹಾಕಿದರೆ ಮಂಜು ಇನ್ನೂ ಬೆಳ್ಳಗಾಗುತ್ತಿತ್ತು. "ಪಿನ್ನು ಚುಚ್ತಿದೆಯಮ್ಮಾ" ಅಂದರು ತಿರುವಿನಲ್ಲಿ. "ಚುಚ್ಚಲಿ, ಓಡಿಸಿ!" ಅಂದಳು. ಇಷ್ಟು ಹೊತ್ತಿಗೆ ಅವನು ಹುಲ್ಲುಗಾವಲು ಮುಟ್ಟಿರಬಹುದು, ದಾಟಿರಲೂಬಹುದು. ಮುಂದಿನದನ್ನು ಅವಳು ನೆನೆಸಿಕೊಳ್ಳಲು ಹೋಗಲಿಲ್ಲ, ಅದೇ ತಾನಾಗಿ ಕಣ್ಣ ಮುಂದೆ ಬಂದು ನಿಂತಿತು.

ಕ್ವಾರಿಯ ತುಕ್ಕು ಹಿಡಿದ ಗೇಟಿನ ಹತ್ತಿರ ಇಳಿದು, "ನೀವು ಇಲ್ಲೇ ನಿಂತು ಸಹಾಯಕ್ಕೆ ಫೋನ್ ಮಾಡಿ" ಎಂದು ಹೇಳಿ ಒಳಗೆ ನುಗ್ಗಿದಳು. ಅವಳ ವಾಚಿನಲ್ಲೂ ಅದೇ ಕೋರ್ಸು ಇತ್ತಲ್ಲ, ಅದನ್ನು ಹಿಂದುಮುಂದಾಗಿ ತಿರುಗಿಸಿ ಹಿಡಿದಳು. ಅವನು ಕ್ವಾರಿಯ ಎದುರು ಅಂಚಿನಲ್ಲಿ ಎಲ್ಲಿಗೆ ಬಂದು ನಿಲ್ಲುತ್ತಾನೆ ಎಂದು ಹೇಳಬಲ್ಲದ್ದು ಆ ಹಾಳು ಗೆರೆಯೊಂದೇ. ಮಂಡಿ ಕಿರುಗುಟ್ಟಿತು, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಏರು ಹತ್ತಿದಳು, ಬಿದ್ದಳು, ಎದ್ದಳು. ವಾಚು ಕಿಂಚಿತ್ತೂ ಗಾಬರಿಯಿಲ್ಲದೆ ಬಾಣ ತೋರಿಸುತ್ತಿತ್ತು. ನೆಟ್ಟಗೆ ಹೋಗು, ಹೋಗು. ಅದಕ್ಕೆ ಗೆರೆ ಗೊತ್ತು, ಹಳ್ಳ ಗೊತ್ತಿಲ್ಲ.

ಕಾಲ ಕೆಳಗಿನ ಜಲ್ಲಿ ಜಾರಿ, ಬಹಳ ಹೊತ್ತಿನ ಮೇಲೆ ಕೆಳಗೆಲ್ಲೋ ಸದ್ದು ಮಾಡಿತು. ಅಂಚು. ಅವಳು ಅಲ್ಲೇ ಕುಕ್ಕರಿಸಿ ಕೂತಳು. ಎದುರಿಗೆ ಬರೀ ಬಿಳುಪು.

ಆ ಬಿಳುಪಿನ ಆಚೆಯಿಂದ ಶೂಗಳ ಸದ್ದು ಬಂತು. ಟಪ್ ಟಪ್ ಟಪ್. ಜೊತೆಗೆ ಸಿಳ್ಳೆ.

"ಏಯ್! ನಿಲ್ಲೋ! ನಿಲ್ಲು!"

ಸಿಳ್ಳೆ ನಿಂತಿತು. ಸದ್ದು ನಿಲ್ಲಲಿಲ್ಲ. "ಅಕ್ಕಾ? ನೀನಾ? ಇಲ್ಲಿಗೆ ಹೆಂಗೆ ಬಂದೆ?"

"ಮುಂದೆ ಬರಬೇಡ!"

"ಏನಂದೆ? ಕೇಳಿಸ್ತಿಲ್ಲ, ಇರು, ಅಲ್ಲಿಗೇ ಬಂದೆ!"

ಸದ್ದು ಜೋರಾಯಿತು. ಬೇಡ ಅಂದರೆ ಬರುವವನು, ನಿಲ್ಲು ಅಂದರೆ ಓಡುವವನು. ಇವಳ ದನಿಯೇ ಅವನನ್ನು ಹಳ್ಳಕ್ಕೆ ಎಳೆಯುತ್ತಿತ್ತು. ಸುಮ್ಮನಿದ್ದರೆ ಬಾಣ ಎಳೆಯುತ್ತಿತ್ತು. ಏನು ಕೂಗಬೇಕೆಂದು ಅವಳು ಯೋಚಿಸಲೇ ಇಲ್ಲ. ಕರುಳಿಂದ ಕಿತ್ತು ಬಂತು ಮಾತು.

"ಅಲುಗಾಡಬೇಡ! ಪಿನ್ ಇದೆ!"

ಸದ್ದು ನಿಂತಿತು.

ಮಂಜು ಒಂದು ಗಳಿಗೆ ತೆಳುವಾಯಿತು. ಎದುರು ದಂಡೆಯ ತುದಿಯಲ್ಲಿ ಅವನು ಕಂಡ. ಎರಡೂ ಕೈ ಪಕ್ಕಕ್ಕೆ ಎತ್ತಿ, ಗದ್ದ ಮೇಲೆ ಮಾಡಿ, ಉಸಿರು ಹಿಡಿದು ನಿಂತಿದ್ದ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕಾಲ ಕೆಳಗೆ ಏನೂ ಇರುತ್ತಿರಲಿಲ್ಲ. ಮತ್ತೆ ಮಂಜು ಮುಚ್ಚಿಕೊಂಡಿತು.

"ಅಕ್ಕಾ..." ಅವನ ದನಿ ಚಿಕ್ಕದಾಗಿತ್ತು. "ಮುಂದೆ ನೆಲ ಇಲ್ಲ."

"ಗೊತ್ತು ಕಂದಾ. ಹಿಂದಕ್ಕೆ ಹೆಜ್ಜೆ ಇಡು. ನಿಧಾನ. ಇನ್ನೊಂದು. ಈಗ ಕೂತ್ಕೋ."

"ಕೂತೆ."

"ವಾಚಲ್ಲಿ ವಾಪಸ್ ಹೋಗೋದನ್ನ ಒತ್ತು. ಏನು ಬಂತು?"

"ಎರಡು ಬಂತು. 'ನೇರ ದಾರಿ', 'ಬಂದ ದಾರಿ'."

"ಬಂದ ದಾರಿ. ನೇರ ಬೇಡ. ಯಾವುದು ಒತ್ತಿದೆ, ಓದಿ ಹೇಳು."

"ಬಂದ ದಾರಿ."

"ಇನ್ನೊಂದ್ಸಲ ಹೇಳು."

"ಬಂದ ದಾರಿನೇ ಅಕ್ಕ."

ಅವನ ಹೆಜ್ಜೆ ಸದ್ದು ದೂರವಾಗುವ ತನಕ ಅವಳು ಅಲ್ಲಿಂದ ಏಳಲಿಲ್ಲ. ಆಮೇಲೆ ಗೇಟಿಗೆ ಇಳಿದು, ಸಹಾಯ ಇನ್ನು ಬೇಡ ಎಂದು ಮೇಷ್ಟ್ರ ಕೈಲಿ ಫೋನ್ ಮಾಡಿಸಿ, ಅವರ ಕಾರಿನಲ್ಲೇ ಅಂಗಡಿಗೆ ವಾಪಸಾದಳು.

ಅವನು ಅಂಗಡಿಗೆ ಬಂದಾಗ ಮೇಷ್ಟ್ರು ಇನ್ನೂ ಒಂದೇ ತೋಳಿನ ಕೋಟಿನಲ್ಲಿ ಕೂತಿದ್ದರು. ಪಾಪ, ಬಿಚ್ಚಿ ಎಂದು ಯಾರೂ ಹೇಳಿರಲಿಲ್ಲ. ಅವನ ಮೊಣಕಾಲಿನ ಹತ್ತಿರ ಪ್ಯಾಂಟು ಉದ್ದಕ್ಕೆ ಹರಿದಿತ್ತು.

"ಬಿದ್ಯಾ?" ಅಂದಳು.

"ಇಲ್ಲ. ಬೇಲಿ ತಂತಿಗೆ ಸಿಕ್ಕಿ ಹರೀತು."

"ಯಾವ ಬೇಲಿ?"

"ಕ್ವಾರಿಗೆ ಮುಂಚೆ ಒಂದು ಬೇಲಿ ಇದೆ. ಕೆಂಪು ಬೋರ್ಡೂ ಇತ್ತು ಅನ್ಸುತ್ತೆ, ಓದಲಿಲ್ಲ. ಹಾರಿದೆ."

ಟೇಪಕ್ಕನಿಗೆ ಮೈ ಉರಿದುಹೋಯಿತು. "ಬೇಲಿ ಕಂಡೂ ಹಾರಿದ್ಯಾ? ಬುದ್ಧಿ ಎಲ್ಲಿ ಅಡ ಇಟ್ಟಿದ್ದೆ? ನಾನು ದಡ್ಡಿ, ಗೆರೆ ತಪ್ಪು ಎಳೆದೆ, ಒಪ್ಕೊಂಡೆ. ನಿನಗೆ ಕಣ್ಣಿರಲಿಲ್ವಾ?"

ಅವನು ಬೈಗುಳಕ್ಕೆ ತಲೆ ತಗ್ಗಿಸಿ ನಕ್ಕ. "ನೀನು ಎಳೆದ ಗೆರೆ ಅಲ್ವಾಕ್ಕ" ಅಂದ. "ಬೇಲಿದೇ ತಪ್ಪಿರಬೇಕು ಅಂದ್ಕೊಂಡೆ."

ಅವಳು ಕುತ್ತಿಗೆಯ ಟೇಪು ತೆಗೆದು ಮೇಜಿನ ಮೇಲಿಟ್ಟಳು, ಮಿಷನ್ನಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಗೋಡೆ ನೋಡಿದರು.

ಈಗ ಗುಡ್ಡದ ಹೊಸ ದಾರಿ ಯಾವುದಿದ್ದರೂ ಮೊದಲು ಅವಳೇ ನಡೆಯುತ್ತಾಳೆ, ಮಂಡಿಗೆ ಪಟ್ಟಿ ಸುತ್ತಿಕೊಂಡು, ದಾರಿಯುದ್ದಕ್ಕೂ ತಮ್ಮನನ್ನು ಬೈದುಕೊಂಡು. ಅವನು ಶೂ ಕಟ್ಟಿಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತಿರುತ್ತಾನೆ, ಅವಳು ಬಂದು "ಹೂಂ, ಹೋಗು" ಅನ್ನುವವರೆಗೆ.