ಸದ್ದಿಲ್ಲದ ಪಂಪು, ಸದ್ದುಳ್ಳ ಪಂಪಣ್ಣ

ಲೋಕದಲ್ಲಿ ದೊಡ್ಡ ಸದ್ದುಗಳಿಗೇನೂ ಬರವಿಲ್ಲ. ಗುಡುಗಿದೆ, ಬಂಡೆ ಸಿಡಿಸುವ ಮದ್ದಿದೆ, ಮೆಟ್ಟಿಲ ಮೇಲಿಂದ ಕೈಜಾರಿ ಉರುಳುವ ಕಬ್ಬಿಣದ ಬೀರುವಿದೆ. ಆದರೆ ಪಂಪಣ್ಣನ ಗೊರಕೆಯ ಮುಂದೆ ಇವೆಲ್ಲ ಪಿಸುಮಾತು. ಆ ಗೊರಕೆ ಮೂಗಿನಲ್ಲಿ ಹುಟ್ಟುವ ಅಲ್ಪ ಜಾತಿಯದಲ್ಲ. ಹಿಮ್ಮಡಿಯಲ್ಲಿ ಹುಟ್ಟಿ, ಮಂಡಿಯಲ್ಲಿ ಕೂತು ಸುಧಾರಿಸಿಕೊಂಡು, ಹೊಟ್ಟೆಯ ಗುಡಾಣದಲ್ಲಿ ಎರಡು ಸುತ್ತು ಉರುಳಿ, ಗಂಟಲಿನ ಹೆಬ್ಬಾಗಿಲಿನಿಂದ ದಂಡೆತ್ತಿ ಹೊರಡುವಂಥದ್ದು. ಅದು ಹೊರಟ ಹೊತ್ತಿನಲ್ಲಿ ಗೂಡಿನ ಲೋಟಗಳು ಒಂದಕ್ಕೊಂದು ಅಂಟಿ ನಿಲ್ಲುತ್ತವೆ, ಗೋಡೆಯ ಹಲ್ಲಿ ಬೇರೆ ಮನೆ ಹುಡುಕಿಕೊಂಡು ಹೋಗುತ್ತದೆ. ಇದಕ್ಕೆಲ್ಲ ಸಾಕ್ಷಿ ಒಬ್ಬಳೇ, ಅವನ ಹೆಂಡತಿ. ಅವಳ ಮಾತನ್ನು ಯಾರೂ ನಂಬುತ್ತಿರಲಿಲ್ಲ.

ನಂಬದಿರಲು ಕಾರಣವಿತ್ತು. ಏಳು ಮಹಡಿಯ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿ ನೀರಿನ ಪಂಪು ನೋಡಿಕೊಳ್ಳುವುದು ಅವನ ಕೆಲಸ. ಪಂಪಣ್ಣ ಎಂಬ ಹೆಸರು ಅಂಟಿಕೊಂಡದ್ದೇ ಹಾಗೆ. ಹಗಲಲ್ಲಿ ಅವನು ಕದ್ದುಮುಚ್ಚಿ ಮಾಡುತ್ತಿದ್ದ ನಿದ್ದೆಯೆಲ್ಲ ಆ ಪಂಪಿನ ಪಕ್ಕದಲ್ಲೇ ಆಗುತ್ತಿತ್ತು, ಮತ್ತು ಅವನ ಗೊರಕೆಯನ್ನು ನುಂಗಿ ನೀರು ಕುಡಿಯುವಷ್ಟು ಸದ್ದು ಆ ಪಂಪಿಗಿತ್ತು. ಅದಕ್ಕೆ ಗೊತ್ತಿದ್ದದ್ದು ಒಂದೇ ವೇಗ. ಇಡೀ ಕಟ್ಟಡ ಸ್ನಾನಕ್ಕೆ ಇಳಿದರೂ ಅಷ್ಟೇ, ಯಾರೋ ಒಬ್ಬರು ಚಮಚ ತೊಳೆದರೂ ಅಷ್ಟೇ, ಮೈಮೇಲೆ ಬಂದವರಂತೆ ಆರ್ಭಟ. ಬಳಸುವವರು ಕಡಿಮೆಯಾದರೆ ನೀರಿನ ಒತ್ತಡಕ್ಕೆ ಕೊಳವೆಯ ಕೀಲು ಬಿಚ್ಚುತ್ತದೆಂದು ಓಡಿಹೋಗಿ ನಿಲ್ಲಿಸಬೇಕು. ನಿಲ್ಲಿಸಿದರೆ ಮೇಲಿನವರು ಕೂಗುತ್ತಾರೆಂದು ಮತ್ತೆ ಹಾಕಬೇಕು. ಹಾಕಿದ ಮೇಲೆ ಕೊನೆಯ ಮಹಡಿಗೆ ನೀರು ಹತ್ತಿತೋ ಇಲ್ಲವೋ ನೋಡಲು ತಾನೇ ಹತ್ತಬೇಕು. ಲಿಫ್ಟು ಇತ್ತು, ಅದು ರಿಪೇರಿಯಲ್ಲೇ ಆಯುಸ್ಸು ಕಳೆಯುತ್ತಿತ್ತು. ಹೀಗೆ ಹತ್ತಿ ಇಳಿದು ಪಂಪಣ್ಣನ ಮಂಡಿಗಳು ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟತೊಡಗಿದ್ದವು.

ಇಂಥ ಕಾಲದಲ್ಲಿ ಹೊಸ ಪಂಪು ಬಂತು. ಬೀರುವಿನಷ್ಟು ಅಚ್ಚುಕಟ್ಟು, ಮೈಮೇಲೆ ಪುಟ್ಟ ಪರದೆ, ಪರದೆಯಲ್ಲಿ ವೇಗದ ಅಂಕಿ. ಕೂರಿಸಲು ಬಂದಿದ್ದ ಫಿಟ್ಟರ್ ಅದರ ಬೆನ್ನು ತಟ್ಟಿ ಹೇಳಿದ: "ಇದು ನಲ್ಲಿ ನೋಡಿಕೊಂಡು ಓಡುತ್ತೆ. ಎಲ್ಲರೂ ನಲ್ಲಿ ತೆಗೆದ್ರೆ ಜೋರು, ಒಬ್ರೋ ಇಬ್ರೋ ತೆಗೆದ್ರೆ ನಿಧಾನ. ವೇಗ ಸ್ವಲ್ಪ ಇಳಿದ್ರೂ ಕರೆಂಟು ಬೇಕಾದಷ್ಟು ಉಳಿಯುತ್ತೆ. ಯಾರೂ ತೆಗೀದೇ ಇದ್ರೆ ಮಲಗಿಬಿಡುತ್ತೆ."

"ಮಲಗುತ್ತಾ?" ಪಂಪಣ್ಣ ಬೆರಗಾದ.

"ಹೂಂ."

"ಯಾರೂ ಬೈಯಲ್ವಾ?"

"ಪಂಪನ್ನ ಯಾರಣ್ಣ ಬೈತಾರೆ?"

ಪಂಪಣ್ಣ ಆ ಯಂತ್ರವನ್ನು ನೋಡಿದ ನೋಟದಲ್ಲಿ ಭಕ್ತಿ ಅರ್ಧ, ಹೊಟ್ಟೆಕಿಚ್ಚು ಅರ್ಧ. ಅಂದು ಸಂಜೆ ಕಟ್ಟಡದ ಹಿಂದಿನ ತನ್ನ ಒಂಟಿ ಕೋಣೆಯ ಮನೆಯಲ್ಲಿ ಕಾಲು ಚಾಚಿ ಕೂತು ಹೆಂಡತಿಗೆ ಸುದ್ದಿ ಮುಟ್ಟಿಸಿದ. "ಇನ್ಮೇಲೆ ಓಡಾಟ ಇಲ್ಲ ಕಣೇ. ಮಧ್ಯಾಹ್ನ ಮನೆಗೇ ಬಂದು ಊಟ ಮಾಡಿ ಮಲಗ್ತೀನಿ."

"ಮಲಗಿ, ಪಾಪ," ಎಂದಳು ಹೆಂಡತಿ. "ನಾನು ಆ ಹೊತ್ತಿಗೆ ಅಕ್ಕನ ಮನೆಗೆ ಹೋಗಿರ್ತೀನಿ."

ಆದರೆ ಹೊಸ ಪಂಪು ಮಲಗಲೇ ಇಲ್ಲ. ಪರದೆಯ ಅಂಕಿ ಹಗಲೂ ರಾತ್ರಿ ಮೇಲೆಯೇ ಕೂತಿತ್ತು. ಮೊದಲ ಕರೆಂಟು ಬಿಲ್ಲು ಹಳೆಯದರ ಹೆಗಲಿಗೆ ಹೆಗಲು ಕೊಟ್ಟು ನಿಂತಿತು. ಕಟ್ಟಡದ ಸೆಕ್ರೆಟರಿ ಕೆಳಗಿಳಿದು ಬಂದರು. ನಿವೃತ್ತ ಮೇಷ್ಟರು, ನಿಂತಲ್ಲೆಲ್ಲ ಭಾಷಣ ಮಾಡುವ ಅಭ್ಯಾಸದವರು. "ನೋಡಯ್ಯ ಪಂಪಣ್ಣ, ಮುಂದಿನ ಬಿಲ್ಲೂ ಹೀಗೇ ಬಂದ್ರೆ ಇದನ್ನ ವಾಪಸ್ ಕಳಿಸಿ ಹಳೇದನ್ನೇ ಕೂರಿಸ್ತೀವಿ." ಮೂಲೆಯಲ್ಲಿ ಗೋಣಿಚೀಲ ಹೊದ್ದು ಕೂತಿದ್ದ ಹಳೆಯ ಪಂಪು, ಪಟ್ಟ ಕಳೆದುಕೊಂಡ ರಾಜನಂತೆ, ಕಿವಿಗೊಟ್ಟು ಕೇಳಿಸಿಕೊಂಡಿತು. ಪಂಪಣ್ಣನ ಮಂಡಿಗಳೂ ಕೇಳಿಸಿಕೊಂಡವು.

ಫಿಟ್ಟರಿಗೆ ಫೋನು ಮಾಡಿದರೆ ಅವನ ಉತ್ತರ ಒಂದೇ ಸಾಲು: "ಯಾರೋ ನಲ್ಲಿ ಬಿಟ್ಟಿರ್ತಾರೆ, ಹೋಗಿ ನೋಡಿ." ನೋಡಲು ಪಂಪಣ್ಣ ಗೋಡೆ ಹಿಡಿದು ಮೆಟ್ಟಿಲು ಹತ್ತಿದ. ಮೂರನೇ ಮಹಡಿಯ ಅಜ್ಜಿಯ ಬಚ್ಚಲಲ್ಲಿ ನಲ್ಲಿಯಿಂದ ದಾರದಷ್ಟು ನೀರು ತುಂಬಿದ ಬಕೆಟ್ಟಿಗೆ ಬಿದ್ದು, ಹೊರಚೆಲ್ಲಿ, ಮೋರಿ ಸೇರುತ್ತಿತ್ತು.

"ಅಜ್ಜೀ, ನಲ್ಲಿ ಮುಚ್ಚಿ."

"ಮುಚ್ಚಿದ್ರೆ ನೀರಿದೆಯೋ ಇಲ್ವೋ ಹೇಗಪ್ಪಾ ಗೊತ್ತಾಗೋದು?"

"ತೆಗೆದ್ರೆ ಬರುತ್ತೆ."

"ಬರದಿದ್ರೆ?"

"ಬರುತ್ತೆ ಅಜ್ಜೀ."

"ಏನೋಪ್ಪ. ಹಳೇ ಪಂಪು ಕೂಗಿ ಹೇಳಿ ನೀರು ಕೊಡ್ತಿತ್ತು. ಇದು ಕಳ್ಳನ ಥರ ಬಂದು ಕೊಟ್ಟು ಹೋಗುತ್ತೆ. ನಂಬೋದು ಹೇಗೆ?"

ಕಾಯಿಲೆ ಅಜ್ಜಿಯೊಬ್ಬಳದಲ್ಲ, ಇಡೀ ಕಟ್ಟಡದ್ದು. ಪಂಪು ಗುಡುಗಿದರೆ ನೀರು, ಸುಮ್ಮನಾದರೆ ಇಲ್ಲ ಎಂದು ಕಲಿತೇ ಎರಡು ತಲೆಮಾರು ಅಲ್ಲಿ ಬಕೆಟ್ಟು ತುಂಬಿಸಿತ್ತು. ಈಗ ಗುಡುಗೇ ಇಲ್ಲ. ಅದಕ್ಕೇ ಪ್ರತಿ ಬಚ್ಚಲಲ್ಲೂ ಒಂದು ನಲ್ಲಿಯನ್ನು ಚೂರು ತೆರೆದಿಟ್ಟು, ನೀರು ಇದೆ, ಇದೆ, ಇದೆ ಎಂದು ಕೇಳಿಸಿಕೊಳ್ಳುತ್ತಿದ್ದರು. ಅಷ್ಟು ನಲ್ಲಿಗಳಿಗೆ ಓಗೊಡುತ್ತಾ ಪಂಪು ಮಲಗುವುದಾದರೂ ಹೇಗೆ? ಪಂಪಣ್ಣ ಮಹಡಿ ಮಹಡಿ ಹತ್ತಿ ಕೈಮುಗಿದ. ಅವನ ಮುಂದೆ ಎಲ್ಲರೂ ನಲ್ಲಿ ಮುಚ್ಚಿದರು. ಅವನು ಮೆಟ್ಟಿಲ ತಿರುವು ದಾಟಿದೊಡನೆ ಎಲ್ಲರೂ ತೆರೆದರು. ಮರುದಿನ ಮತ್ತೆ ಹತ್ತಿದ. ಅದರ ಮರುದಿನವೂ. ಕೊನೆಗೊಂದು ಮಧ್ಯಾಹ್ನ ಕೆಳಗಿಳಿದು ಬಂದವನಿಗೆ ಮನೆಯ ತನಕ ನಡೆಯುವ ಶಕ್ತಿಯೂ ಉಳಿದಿರಲಿಲ್ಲ. ನೆಲಮಾಳಿಗೆಯಿಂದ ಕೊನೆಯ ಮಹಡಿಯ ತನಕ ಕೊಳವೆಗಳು ಮೇಲೇರುವ ಇಕ್ಕಟ್ಟು ಓಣಿಯ ಬಾಯಿಯಲ್ಲಿ, ಬರಿ ನೆಲದ ಮೇಲೆ, ಕೊಳವೆಗೆ ಬೆನ್ನು ಕೊಟ್ಟು ಕೂತ. ಕೂತವನು ಜಾರಿದ. ಜಾರಿದವನು ನಿದ್ದೆ ಹೋದ.

ಆಗ ಹೊರಟಿತು ನೋಡಿ! ಇಷ್ಟು ವರ್ಷ ಹಳೆಯ ಪಂಪಿನ ಅಡಿಯಲ್ಲಿ ಅಜ್ಞಾತವಾಗಿ ಬಾಳಿದ ಆ ಮಹಾನಾದ ಓಣಿಯನ್ನು ಹೊಕ್ಕು, ಕೊಳವೆ ಹಿಡಿದು, ಒಂದೊಂದೇ ಮಹಡಿ ಗೆಲ್ಲುತ್ತಾ ಏರಿತು. ಪ್ರತಿ ಬಚ್ಚಲಿನ ಪುಟ್ಟ ಕಿಟಕಿಯೂ ಆ ಓಣಿಗೇ ತೆರೆದಿತ್ತು. ಅಜ್ಜಿ ಕಿವಿ ನಿಮಿರಿಸಿದಳು. "ಬಂತು! ಹಳೇ ಪಂಪು ಬಂತು!" ಎಂದು ಕಿಟಕಿಯಿಂದ ಮೇಲಿನವರಿಗೆ ಕೂಗಿ, ನೆಮ್ಮದಿಯಿಂದ ನಲ್ಲಿ ಮುಚ್ಚಿದಳು. ಸದ್ದಿರುವಾಗ ನೀರಿನ ಯೋಚನೆ ಯಾಕೆ? ಕೆಳಗಿನವರು ಮುಚ್ಚಿದರು, ನಾಲ್ಕನೆಯ ಮಹಡಿಯವರು ಮುಚ್ಚಿದರು, ಐದನೆಯವರು ಮುಚ್ಚಿದರು, ಏಳನೆಯವರೂ ಮುಚ್ಚಿದರು. ಕೆಳಗೆ ಪರದೆಯ ಅಂಕಿ ಮೆಟ್ಟಿಲಿಳಿದಂತೆ ಇಳಿದು ಇಳಿದು ಸೊನ್ನೆಯಾಯಿತು. ಹೊಸ ಪಂಪು ಹುಟ್ಟಿದ ಮೇಲೆ ಮೊದಲ ಬಾರಿಗೆ ಮಲಗಿತು.

ಹಳೆಯ ಪಂಪನ್ನು ಹೇಳದೆ ಕೇಳದೆ ಯಾರು ಹಾಕಿದರೆಂದು ಕೆಂಡವಾಗಿ ಸೆಕ್ರೆಟರಿ ಇಳಿದು ಬಂದರು. ಹಳೆಯದು ಗೋಣಿಚೀಲದಡಿ ತೆಪ್ಪಗಿತ್ತು. ಹೊಸದರಲ್ಲಿ ಸೊನ್ನೆ. ಸದ್ದು ಬರುತ್ತಿದ್ದದ್ದು ನೆಲದ ಮೇಲಿಂದ.

"ಏಯ್ ಪಂಪಣ್ಣ!"

ಪಂಪಣ್ಣ ದಡಬಡಿಸಿ ಎದ್ದ. "ನೀರು ಬಿಡ್ಲಾ ಸಾರ್?"

ಗೊರಕೆ ನಿಂತಿತು. ಮರುಕ್ಷಣವೇ ಮೇಲೆ ಒಂದು ನಲ್ಲಿ ತೆರೆದುಕೊಂಡಿತು, ಇನ್ನೊಂದು, ಮತ್ತೊಂದು. ಅಂಕಿ ಎದ್ದು ನಿಂತಿತು. ಓಣಿಯೊಳಗಿಂದ ಅಜ್ಜಿಯ ದನಿ ಇಳಿಯಿತು: "ಯಾರ್ರೀ ಅದು ಪಂಪು ನಿಲ್ಲಿಸಿದ್ದು? ಚೆನ್ನಾಗಿ ಓಡ್ತಿತ್ತಲ್ಲ!"

ಸೆಕ್ರೆಟರಿ ಪರದೆಯನ್ನು ನೋಡಿದರು, ಓಣಿಯನ್ನು ನೋಡಿದರು, ಪಂಪಣ್ಣನ ಗಂಟಲನ್ನು ನೋಡಿದರು. ಅವರ ಎದೆಯೊಳಗೆ ಭಾಷಣ ಉಕ್ಕಿತು.

"ಪಂಪಣ್ಣ, ಈ ಯಂತ್ರ ಇಲ್ಲೇ ಇರುತ್ತೆ. ಎಲ್ಲೂ ಹೋಗಲ್ಲ. ಆದ್ರೆ ಇವತ್ತಿನಿಂದ ದಿನಾ ಮಧ್ಯಾಹ್ನ ನೀನು ಇಲ್ಲೇ, ಇದೇ ಜಾಗದಲ್ಲಿ ನಿದ್ದೆ ಮಾಡಬೇಕು. ಅದೇ ನಿನ್ನ ಡ್ಯೂಟಿ. ಯಾರೂ ಎಬ್ಬಿಸೋ ಹಾಗಿಲ್ಲ, ನಾನೂ ಎಬ್ಬಿಸಲ್ಲ. ಏಳು ಮಹಡಿಯ ನೆಮ್ಮದಿ, ಈ ಕಟ್ಟಡದ ಕರೆಂಟು ಬಿಲ್ಲು, ಎಲ್ಲ ನಿನ್ನ ಉಸಿರಲ್ಲಿದೆ ಕಣಯ್ಯ! ಏನಂತೀಯ?"

ಪಂಪಣ್ಣ ಮಂಡಿ ನೀವಿಕೊಂಡ.

"ಒಂದು ಚಾಪೆ ಕೊಡ್ಸಿ ಸಾರ್. ನೆಲ ತಣ್ಣಗಿದೆ."