ಅಕ್ಕನ ಮೂರು ಮಿಸ್ಡ್ ಕಾಲ್

ಹೋದ ತಿಂಗಳು ಒಂದು ಭಾನುವಾರ ನನ್ನ ಫೋಟೋ ಒಂದಕ್ಕೆ ಇಪ್ಪತ್ತಾರು ಹೆಬ್ಬೆರಳು ಬಂದವು.

ವಿಯೆಟ್ನಾಮಿನ ಸಮುದ್ರದಲ್ಲಿ ಒಂದು ದೋಣಿ. ದೋಣಿಯಲ್ಲಿ ನಾನು. ತಲೆಯ ಮೇಲೆ ಅಲ್ಲಿಯವರ ಗರಿಯ ಟೋಪಿ (ನಮ್ಮ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆಯ ದೊಡ್ಡಪ್ಪನ ಮಗ ಅಂತಿಟ್ಟುಕೊಳ್ಳಿ). ಉಳಿದ ಹಲ್ಲು ಎಷ್ಟಿವೆಯೋ ಅಷ್ಟನ್ನೂ ತೋರಿಸಿ ನಕ್ಕಿದ್ದೆ. ಕುಟುಂಬದ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಅಲ್ಲಿ ಮಧ್ಯಾಹ್ನ ಹನ್ನೆರಡು, ಬೆಳ್ತಂಗಡಿಯಲ್ಲಿ ಹತ್ತೂವರೆ. ಐದು ನಿಮಿಷದೊಳಗೆ ಟಣ್, ಟಣ್, ಟಣ್. ಮದುವೆ ಮನೆಯಲ್ಲಿ ಕಂಡರೂ ಕಾಣದ ಹಾಗೆ ಹೋಗುವವರು ಕೂಡ ಹೆಬ್ಬೆರಳು ಎತ್ತಿದ್ದರು. ಖುಷಿಯಲ್ಲಿ ಪಕ್ಕದಲ್ಲಿ ಕೂತವರಿಗೂ ತೋರಿಸಿದೆ.

ಆ ಹೊತ್ತಿಗೆ ಬೆಳ್ತಂಗಡಿಯಲ್ಲಿ ನನ್ನ ಅಕ್ಕನ ಚಿತೆ ಉರಿಯುತ್ತಿತ್ತು. ಹೆಬ್ಬೆರಳುಗಳಲ್ಲಿ ಅರ್ಧ ಬಂದದ್ದು ಅದರ ಪಕ್ಕದಿಂದ.

ನನಗೆ ಗೊತ್ತಾದದ್ದು ನಾಲ್ಕು ದಿನ ಬಿಟ್ಟು.

ಅಕ್ಕ ಅಂದರೆ ದೊಡ್ಡಮ್ಮನ ಮಗಳು. ನನಗಿಂತ ಹದಿನಾಲ್ಕು ವರ್ಷಕ್ಕೆ ಹಿರಿಯಳು. ಬೆಳ್ತಂಗಡಿ ಪೇಟೆಯಲ್ಲಿ ಮಗ ಜಯರಾಮನ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಮಗ-ಸೊಸೆಯ ಜೊತೆ ಇದ್ದವಳು. ನನಗೆ ಮಾತು ಕಲಿಸಿದವಳು ಅವಳೇ. ಗಾದೆ, ಒಗಟು, ಬೈಗುಳ, ಎಲ್ಲವೂ ಅವಳ ಸೊಂಟದ ಮೇಲೆ ಕೂತೇ ಕಲಿತದ್ದು. ಈ ಅಂಕಣ ಶನಿವಾರ ಬರುತ್ತದಲ್ಲ? ಸೊಸೆಯಿಂದ ಓದಿಸಿ ಕೇಳಿ, ಏಳೂಕಾಲಕ್ಕೆ ಸರಿಯಾಗಿ ಪುತ್ತಿಗೆಯಲ್ಲಿರುವ ನನಗೆ ಫೋನು. ಹಲೋ ಇಲ್ಲ, ಹೇಗಿದ್ದೀ ಇಲ್ಲ.

“ಇಷ್ಟು ಯಾಕೆ ಎಳೆದದ್ದು ಮಾರಾಯ? ನಿನ್ನದು ಓದಿ ಮುಗಿಸುವಷ್ಟರಲ್ಲಿ ಕಾವಲಿಯಲ್ಲಿದ್ದ ದೋಸೆ ಕರಟಿತು!”

(ನಾವು ಮಾತಾಡುವುದು ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ, ಖಾರ ಸ್ವಲ್ಪ ಕಮ್ಮಿಯಾಗಿದೆ.)

ಹೆಂಡತಿ ತೀರಿಹೋದ ಮೇಲೆ, ನಾನೇ ಬೇಕು ಅಂತ ನನ್ನ ಫೋನು ಹೊಡೆದುಕೊಳ್ಳುತ್ತಿದ್ದದ್ದು ವಾರಕ್ಕೆ ಆ ಒಂದೇ ಸಲ. ಉಳಿದದ್ದೆಲ್ಲ ಲೋನ್ ಬೇಕಾ ಸಾರ್, ಸೈಟ್ ಬೇಕಾ ಸಾರ್.

ಹೊರಡುವ ಮೊದಲು ಅವಳಿಗೆ ಹೇಳಿದ್ದೆ. “ಹತ್ತು ದಿನ ಫೋನ್ ಮಾಡಬೇಡ ಅಕ್ಕ. ನಮ್ಮ ಸಿಮ್ಮಿಗೆ ಅಲ್ಲಿ ರೋಮಿಂಗ್ ಬೀಳ್ತದೆ. ಬೇರೆ ಸಿಮ್ ಹಾಕ್ತೇನೆ, ಇದು ಬಂದ್.”

“ಬಂದ್ ಮಾಡಿದ್ರೆ ನಾನು ಬೈಯುವುದು ಯಾರಿಗೆ?”

“ಜಯರಾಮನಿಗೆ ಬೈ.”

“ಅವನಿಗೆ ಬೈದು ಎಂಥ ರುಚಿ ಉಂಟು? ತಿರುಗಿ ಮಾತಾಡುವುದೇ ಇಲ್ಲ ಅವ.”

ಅವಳದು ಬಟನ್ ಫೋನು. ವಾಟ್ಸ್ಯಾಪು ಗೀಟ್ಸ್ಯಾಪು ಇಲ್ಲ.

ಟೂರಿನಲ್ಲಿ ಹನ್ನೊಂದು ಜೋಡಿ, ನಾನೊಬ್ಬ. ಹಾಗಾಗಿ ಮೊದಲನೆಯ ದಿನವೇ ನನಗೆ ಕೆಲಸ ಸಿಕ್ಕಿತು. “ಅಂಕಲ್, ಒಂದು ಫೋಟೋ.” ಜಲಪಾತ ಬಂದರೆ ಅಂಕಲ್, ಪಗೋಡ ಬಂದರೆ ಅಂಕಲ್. ದೇಶ ನೋಡಿದ್ದಕ್ಕಿಂತ ಹೆಚ್ಚು ನಾನು ನೋಡಿದ್ದು ಕಂಡವರ ಫೋನಿನ ಪರದೆ. ಫೋನು ವಾಪಸು ಕೊಟ್ಟ ಕೂಡಲೇ ಗಂಡ-ಹೆಂಡತಿ ತಲೆಗೆ ತಲೆ ತಾಗಿಸಿ ಫೋಟೋ ನೋಡುತ್ತಾರೆ. ಆಗ ನಾನು ಎಲ್ಲಿ ನೋಡಬೇಕು? ಜೇಬಿನಿಂದ ನನ್ನ ಫೋನು ತೆಗೆಯುತ್ತಿದ್ದೆ.

ರಜೆಯಲ್ಲಿ ಫೋನು ಮುಟ್ಟಬೇಡಿ, ಕಣ್ಣು ಬಿಟ್ಟು ಪ್ರಪಂಚ ನೋಡಿ ಅಂತ ತಿಳಿದವರು ಹೇಳುತ್ತಾರೆ. ಸರಿಯೇ. ಆದರೆ ಅದು ಪಕ್ಕದಲ್ಲಿ ಒಬ್ಬರು ಇದ್ದವರಿಗೆ ಹೇಳುವ ಉಪದೇಶ. ನಾಲ್ಕು ಕುರ್ಚಿಯ ಟೇಬಲ್ಲಿಗೆ ಒಬ್ಬನೇ ಊಟಕ್ಕೆ ಕೂತವನು, ಎದುರಿಗೆ ಫೋನನ್ನಾದರೂ ಕೂರಿಸಿಕೊಳ್ಳದೆ ಏನು ಮಾಡುವುದು? ನೀರಿನ ಲೋಟಕ್ಕೆ ಒರಗಿಸಿ ಕೂರಿಸಿದ್ದೆ. ಒಳ್ಳೆಯ ಹುಡುಗನ ಹಾಗೆ ಕೂತಿತ್ತು.

ಶನಿವಾರ ಬೆಳಿಗ್ಗೆ ಹೋಟೆಲಿನಲ್ಲಿ ಏನೋ ಮರೆತಂತೆ ಅನ್ನಿಸಿತು. ಕನ್ನಡಕ ಉಂಟು, ಪಾಸ್‌ಪೋರ್ಟ್ ಉಂಟು, ಬಿ.ಪಿ. ಮಾತ್ರೆಯೂ ನುಂಗಿಯಾಗಿದೆ. ಆಮೇಲೆ ಹೊಳೆಯಿತು, ಇವತ್ತು ಬೈಗುಳ ಬಂದಿಲ್ಲ. ಜಯರಾಮನ ವಾಟ್ಸ್ಯಾಪಿಗೆ ಕರೆ ಮಾಡಿ ‘ಅಮ್ಮನಿಗೆ ಕೊಡು’ ಅನ್ನಬಹುದಿತ್ತು. ಅವನ ಹೆಸರಿನ ಮೇಲೆ ಎರಡು ಸಲ ಬೆರಳೂ ಇಟ್ಟೆ. ಒಂದು ವಾರ ಬೈಸಿಕೊಳ್ಳದಿದ್ದರೆ ಏನು ಲುಕ್ಸಾನು? ಕೆಳಗೆ ಬಸ್ಸು ಹಾರ್ನ್ ಹೊಡೆಯಿತು. ಹೋದೆ.

ಗುರುವಾರ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದು, ಲಗೇಜು ಬರುವವರೆಗೆ ಹಳೆಯ ಸಿಮ್ ಹಾಕಿದೆ. ಬಂದ್ ಇದ್ದಾಗ ಯಾರು ಯಾರು ಕರೆದಿದ್ದರು ಅನ್ನುವ ಮೆಸೇಜುಗಳು ಒಂದೊಂದಾಗಿ ಬಿದ್ದವು. ಯಾರು ಯಾರು ಏನು ಬಂತು, ಒಂದೇ ನಂಬರು. ಅಕ್ಕನದು. ಶನಿವಾರ ಬೆಳಿಗ್ಗೆ ಏಳು ಹದಿನಾಲ್ಕು. ಏಳು ಹದಿನಾರು. ಏಳೂವರೆ.

ಹೊರಗೆ ಜಯರಾಮ ನಿಂತಿದ್ದ. ನಾನು ಬಾ ಅಂದಿರಲಿಲ್ಲ. ಗಡ್ಡ ಬಂದಿತ್ತು.

“ಬೆಳ್ತಂಗಡಿಗೆ ಹೋಗುವ ಮಾವ. ಪುತ್ತಿಗೆಗೆ ನಾಳೆ ಬಿಡ್ತೇನೆ.”

“ನಿನ್ನ ಅಮ್ಮನ ಕೆಲಸ ನೋಡು. ಮಾಡಬೇಡ ಅಂದ್ರೂ ಮೂರು ಸಲ ಮಾಡಿದ್ದಾಳೆ. ಇವತ್ತು ನನಗೆ ಗ್ರಹಚಾರ ಉಂಟು.”

“ಹ್ಞಾಂ,” ಅಂದ, ರಸ್ತೆ ನೋಡುತ್ತ.

ಬಿ.ಸಿ. ರೋಡಿನ ಹೋಟೆಲೊಂದರ ಎದುರು ಕಾರು ನಿಲ್ಲಿಸಿ, “ಮೊದಲು ಊಟ ಮಾಡುವ” ಅಂದ. ನನಗೂ ಹತ್ತು ದಿನ ನೂಡಲ್ಸ್ ತಿಂದು ನಾಲಿಗೆ ಸತ್ತಿತ್ತು. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಎರಡನೆಯ ಬಂಗುಡೆಯನ್ನು ನಾನೇ ಕೇಳಿ ಹಾಕಿಸಿಕೊಂಡೆ. ಅವನು ನೀರು ಮಾತ್ರ ಕುಡಿದ. “ಎಂಥದು, ಡಯಟಾ?” ಅಂತ ತಮಾಷೆ ಮಾಡಿದೆ. ದೋಣಿಯ ಕಥೆ, ಟೋಪಿಯ ಕಥೆ ಹೇಳಿದೆ. ಅವನು ಎಲ್ಲದಕ್ಕೂ ತಲೆ ಆಡಿಸಿದ.

ಕಾರಿನ ಬಾಗಿಲ ಹತ್ತಿರ ಬಂದು ಕೇಳಿದ. “ಕೈ ತೊಳೆದ್ರಾ ಮಾವ?”

“ಆಯ್ತು.”

“ಅಮ್ಮ ಹೋದ್ರು.”

ಮೊದಲು ಬಂದದ್ದು ಅಳು ಅಲ್ಲ, ಸಿಟ್ಟು. ಯಾಕೆ ಹೇಳಲಿಲ್ಲ? ಮುಖ ನೋಡಲಿಕ್ಕೆ ಆಗದಿದ್ದರೂ ಸುದ್ದಿಯಾದರೂ ನನ್ನದಲ್ಲವೇ?

“ಕಿವಿಗೆ ಬಿದ್ದ ಮೇಲೆ ಸೂತಕ ಅಲ್ವಾ ಮಾವ? ಮತ್ತೆ ಮೀನು ಮುಟ್ಟುವ ಹಾಗಿಲ್ಲ, ಏನಿಲ್ಲ. ಅದಕ್ಕೇ ಮೊದಲು ಊಟ ಮಾಡಿಸಿದ್ದು. ಶನಿವಾರವೇ ಅಲ್ಲಿಗೆ ಹೇಳಿದ್ರೆ ನೀವು ಎಂಥ ಮಾಡ್ತಿದ್ರಿ? ಟಿಕೆಟು ಮಾಡಿ ಬರುವಾಗ ಎಲ್ಲ ಮುಗಿದಿರ್ತದೆ. ಹಿರಿಯರೆಲ್ಲ ಬೇಡ ಅಂದ್ರು.”

“ಮತ್ತೆ ಆ ಹೆಬ್ಬೆರಳು?”

“ನಾನೇ ಎಲ್ಲರಿಗೂ ಹೇಳಿ ಹಾಕಿಸಿದ್ದು. ಒಬ್ಬರೂ ಏನೂ ಹಾಕದಿದ್ರೆ ನಿಮಗೆ ಡೌಟು ಬರ್ತದಲ್ಲ?”

ಹೇಗೆ ಬೈಯುವುದು ಹೇಳಿ? ತಾಯಿಯ ಚಿತೆಯ ಬಳಿ ನಿಂತವನು ನನ್ನ ರಜೆ ಹಾಳಾಗದಂತೆ ಕಾವಲು ಕಾದಿದ್ದಾನೆ. ಮತ್ತೆ ನಾನೇನು ಕಮ್ಮಿಯೇ? ಗಲ್ಫಿನಲ್ಲಿದ್ದ ಗೆಳೆಯನೊಬ್ಬನಿಂದ ಅವನ ಅಪ್ಪ ತೀರಿದ್ದನ್ನು ಮೂರು ದಿನ ಮುಚ್ಚಿಟ್ಟವರಲ್ಲಿ ನಾನೂ ಇದ್ದೆ. ಫೋನಿನಲ್ಲಿ ಅವನ ಜೊತೆ ಕ್ರಿಕೆಟ್ ಮಾತಾಡಿದ್ದೆ. ಪುಣ್ಯದ ಕೆಲಸ ಅಂದುಕೊಂಡಿದ್ದೆ. ಒಬ್ಬನೇ ಇರುವವನನ್ನು ನಾವು ಹೀಗೆ ಕಾಪಾಡುತ್ತೇವೆ. ಅವನನ್ನು ಇನ್ನಷ್ಟು ಒಬ್ಬನನ್ನಾಗಿ ಮಾಡಿ.

ದಾರಿಯುದ್ದಕ್ಕೂ ಒಂದೇ ಪ್ರಶ್ನೆ ತಲೆಯಲ್ಲಿ ತಿರುಗುತ್ತಿತ್ತು. ಗುರುವಾಯನಕೆರೆ ದಾಟುವಾಗ ಕೇಳಿಯೇಬಿಟ್ಟೆ. ಮೂರು ಸಲ ಯಾಕೆ ಮಾಡಿದ್ದು? ಎದೆನೋವು ಬಂದಿತ್ತಾ? ನನ್ನನ್ನು ಕರೆದಳಾ?

“ಇಲ್ಲಪ್ಪ, ಬೆಳಿಗ್ಗೆ ಗಟ್ಟಿ ಇದ್ರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ, ಅಷ್ಟೇ. ಬೆಳಿಗ್ಗೆ ನಿಮ್ಮದು ಓದಿಸಿದ್ರು. ಪೇಪರ್ ಮಡಚಲಿಕ್ಕೂ ಬಿಡದೆ ಫೋನ್ ತಾ ಅಂದ್ರು. ಬಂದ್ ಉಂಟಮ್ಮ ಅಂದೆ. ಕೇಳ್ತಾರಾ? ‘ಅವ ಸುಳ್ಳು ಬರೆದಿದ್ದಾನೆ. ಕೇಳಬೇಕು ನನಗೆ,’ ಅಂತ ಒತ್ತಿದ್ದೇ ಒತ್ತಿದ್ದು.”

ಆ ಶನಿವಾರದ್ದನ್ನು ನಾನು ಹೊರಡುವ ಮೊದಲೇ ಬರೆದು ಕೊಟ್ಟಿದ್ದೆ. ಒಬ್ಬನೇ ತಿರುಗುವುದರಲ್ಲಿ ಎಷ್ಟು ಸುಖ, ಯಾರಿಗೂ ಕಾಯುವುದು ಬೇಡ, ಯಾರ ಫೋನೂ ಬೇಡ, ಒಂಟಿತನ ನನಗೆ ಅಭ್ಯಾಸವಾಗಿ ಈಗ ಇಷ್ಟವೇ ಆಗಿದೆ ಅಂತ. ತಿರುಗಿ ಬಂದು ನೋಡಿದರೆ ನಿಮ್ಮ ಪತ್ರಗಳು ಬಂದಿದ್ದವು. ಧೈರ್ಯ ಮೆಚ್ಚಿದ್ದಿರಿ, ಸ್ಫೂರ್ತಿ ಅಂದಿದ್ದಿರಿ, ಕತ್ತರಿಸಿ ಇಟ್ಟುಕೊಂಡಿದ್ದೇವೆ ಅಂದಿದ್ದಿರಿ.

ಇಷ್ಟು ಜನ ಓದಿದಿರಲ್ಲ, ನಿಮ್ಮಲ್ಲಿ ಒಬ್ಬರಿಗೂ ಅದು ಸುಳ್ಳು ಅನ್ನಿಸಲಿಲ್ಲವೇ?