ತಮ್ಮನ ರೋಜಾಕ್ಕೆ ನಾನಿಟ್ಟ ಶೇಂಗಾ

ನಾನು ಓದಿದ್ದು ಎರಡನೇ ಇಯತ್ತೆ. ಆದರೂ ಉಪವಾಸದ ವಿಷಯದಲ್ಲಿ ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡಿದ್ದೆ.

ಯುದ್ಧದ ಕಾಲ. ತಿಕೋಟಾದ ನಮ್ಮ ಮನೆಯಲ್ಲಿ ಅವ್ವ ಜ್ವರದಿಂದ ಹಾಸಿಗೆ ಹಿಡಿದಾಗ ತಮ್ಮ ವಿಜಾಪುರದ ದರ್ಗಾಕ್ಕೆ ಹೋದ. ಅವಳು ಎದ್ದರೆ ರಂಜಾನ್ ತಿಂಗಳು ಪೂರ್ತಿ, ಹಗಲೆಲ್ಲ ನೀರೂ ಮುಟ್ಟದೆ, ರೋಜಾ ಹಿಡಿಯುತ್ತೇನೆಂದು ಹರಕೆ ಹೊತ್ತು ಬಂದ. ಅವ್ವ ಎದ್ದಳು. ನಮ್ಮ ಕಡೆ ಹಿಂದೂಗಳು ಹೀಗೆ ಬೇಡಿಕೊಳ್ಳುವುದು ಹೊಸದಲ್ಲ.

ಏಕಾದಶಿಗೆ ನಮ್ಮಲ್ಲಿ ರೊಟ್ಟಿ ಮುಟ್ಟುವುದಿಲ್ಲ, ಶೇಂಗಾ ಬೆಲ್ಲದಲ್ಲೇ ದಿನ ಕಳೆಯುತ್ತೇವೆ. ಅದನ್ನೇ ಹಿಡಿದು ನಸುಕಿನಲ್ಲಿ ಅವನ ಮುಂದೆ ಹುರಿದ ಉಪ್ಪು ಶೇಂಗಾ, ಬೆಲ್ಲ ಇಟ್ಟೆ.

"ಅಕ್ಕಾ, ಇದು ಏಕಾದಶಿ ಅಲ್ಲಬೇ. ಎರಡು ರೊಟ್ಟಿ ಹಾಕು, ಮಜ್ಜಿಗಿ ಕೊಡು."

"ರೊಟ್ಟಿ ತಿಂದು ಮಾಡೂದು ಅದೆಂಥಾ ಉಪಾಸಲೇ? ದೇವರಿಗೂ ಮೋಸ ಮಾಡ್ತಿ ಏನು?"

ದಿನವೂ ಇದೇ ಜಗಳ. ಅವನು ಬೇಸತ್ತು ಶೇಂಗಾ ಜಗಿದು ಹೊಲಕ್ಕೆ ಹೋಗುತ್ತಿದ್ದ. ಮಧ್ಯಾಹ್ನ ತುಟಿ ಒಡೆದು ಮನೆಗೆ ಬಂದರೆ, ಅಷ್ಟೂ ತಾಳಿಕೆ ಇಲ್ಲದವನು ಯಾಕೆ ಹರಕೆ ಹೊರಬೇಕಿತ್ತು ಎಂದು ನಾನೇ ಬೈಯುತ್ತಿದ್ದೆ.

ಪಕ್ಕದ ಮನೆಯ ಚಾಚಿ ಒಮ್ಮೆ ಹಿತ್ತಲ ಗೋಡೆಯಾಚೆಯಿಂದ ಹೇಳಿದಳು: "ನಿಮ್ಮ ಉಪಾಸ ತಂದು ನಮ್ಮ ರೋಜಾಕ್ಕ ಕಟ್ಟಬ್ಯಾಡವಾ. ನಾವು ನಸಕಿನ್ಯಾಗ ಹೊಟ್ಟಿ ತುಂಬ ಉಣ್ತೀವಿ. ಉಪ್ಪು ತಿಂದ್ರ ನೀರಡಿಕಿ ಕೊಲ್ತೈತಿ."

ಅವಳ ಮಾತು ಸರಿಯೆಂದು ಅಂದೇ ತಿಳಿದಿತ್ತು. ಆದರೆ ನನ್ನ ಒಲೆಯ ಮುಂದೆ ಅವಳ ಮಾತು ನಡೆಯುವುದು ನನಗೆ ಬೇಡವಾಗಿತ್ತು. ಮರುದಿನವೂ ಶೇಂಗಾ ಇಟ್ಟೆ. ನನ್ನ ತಪ್ಪು ಇದು, ತಿಳಿಯದೆ ಮಾಡಿದ್ದಲ್ಲ.

ಅಂದು ಅವನು ಬಬಲೇಶ್ವರಕ್ಕೆ ಬಂಡಿ ಹೊಡೆದುಕೊಂಡು ಹೋದ. ದಾರಿಯಲ್ಲಿ ಕಣ್ಣು ಕತ್ತಲಿಟ್ಟು ಕೆಳಗೆ ಬಿದ್ದ. ಜೊತೆಗಿದ್ದವರು ಬಾಯಿಗೆ ನೀರು ಹಾಕಿದರು. ರೋಜಾ ಮುರಿಯಿತು.

ಮನೆಗೆ ಬಂದವನು ತನ್ನ ಮೊಣಕೈಯ ಗಾಯ ನೋಡಿಕೊಳ್ಳಲಿಲ್ಲ. ಮೊದಲು ಅವ್ವನ ಹಣೆ ಮುಟ್ಟಿ ನೋಡಿದ, ಮತ್ತೆ ಮತ್ತೆ ನೋಡಿದ. ಹರಕೆ ಮುರಿದದ್ದಕ್ಕೆ ಜ್ವರ ತಿರುಗಿ ಬಂದೀತೆಂಬ ಭಯ. ಚಾಚಿ ಬಂದು, ಹಬ್ಬ ಮುಗಿದ ಮೇಲೆ ಒಂದು ದಿನ ಹಿಡಿದರೆ ತೀರುತ್ತದೆ, ಬಿದ್ದವನ ಮೇಲೆ ಅಲ್ಲಾ ಸಿಟ್ಟಾಗುವುದಿಲ್ಲ ಎಂದು ಸಮಾಧಾನ ಹೇಳಿದಳು. ನನ್ನ ಕಡೆ ನೋಡಲೂ ಇಲ್ಲ.

ಮರುದಿನ ನಸುಕಿಗೆ ಮುಂಚೆ ಎದ್ದು ಜೋಳದ ರೊಟ್ಟಿ ಬಡಿದೆ, ಬೇಳೆ ಕುದಿಸಿದೆ, ಮಜ್ಜಿಗೆ ಕಡೆದೆ. ತಮ್ಮ ಚಾಚಿಯ ಮನೆಯಿಂದ ಬಾಯಿ ಒರೆಸಿಕೊಳ್ಳುತ್ತ ಬಂದ.

"ಉಂಡು ಬಂದೇನಿ, ಅಕ್ಕಾ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನಾನೂ ಎದುರಾಡುತ್ತಿದ್ದೆ. ತಿಂಗಳು ಮುಗಿಯುವವರೆಗೆ ಅವನು ಅಲ್ಲೇ ಉಂಡ. ಅವನಿಗೆಂದು ಬಡಿದ ಅಂದಿನ ರೊಟ್ಟಿ ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹಸಿವಾಗಿತ್ತು. ಬಿಸಿಯಾಗಿದ್ದಾಗಲೇ ಕೂತು ತಿಂದೆ.